ಜಗುಲಿಯ ಕಾಫಿ

ಕಿಕ್ಕೇರಿ, ೧೪ ಜೂನ್ ೧೯೯೬

ಅಪ್ಪ,

ನೀನು ತೀರಿಕೊಂಡು ಆರು ವರ್ಷವಾದರೂ ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕೆನಿಸಿತು. ತಮ್ಮ ತಿಮ್ಮರಾಜುಗೆ ಜಾಮೀನು ಸಿಕ್ಕಿತು. ಒಳಗೆ ಗೊರಕೆ ಹೊಡೆಯುತ್ತಿದ್ದಾನೆ. ಅವ್ವ ಇವತ್ತು ಮುದ್ದೆ ತಿಂದಳು.

ಯಾರದೋ ಪಂಪ್‌ಸೆಟ್ಟಿನ ಮೋಟಾರು ಕದ್ದನೆಂದು ನಿನ್ನೆ ಪೊಲೀಸರು ಅವನನ್ನು ಹಿಡಿದುಕೊಂಡು ಹೋಗಿದ್ದರು. ಇವತ್ತು ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಮೊದಲು ಕೇಳಿದ್ದೇ, "ಪೊಲೀಸರು ಹೊಡೆದರೇನಪ್ಪ?" ತಿಮ್ಮರಾಜು ಪಕ್ಕದಲ್ಲಿದ್ದ ಕಾನ್‌ಸ್ಟೇಬಲನ ಮುಖ ನೋಡಿದ.

"ಊಂ ಸ್ವಾಮಿ, ಒಡುದ್ರು" ಅಂದ.

ಸಾಹೇಬರು ಅದನ್ನು ಬರೆದುಕೊಂಡರು, ಡಾಕ್ಟರಿಗೆ ತೋರಿಸಲು ಹೇಳಿದರು, ಮಾವನ ಪಹಣಿಯ ಮೇಲೆ ಜಾಮೀನು ಕೊಟ್ಟರು. ಅಷ್ಟೇ ಅಪ್ಪ. ಅಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ.

ನೀನು ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗ, ಹಿಡಿದವರನ್ನು ಕೋರ್ಟಿಗೆ ಕರೆದೊಯ್ಯುವ ದಾರಿಯಲ್ಲಿ ನಮ್ಮ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಡಿಸುತ್ತಿದ್ದೆ. ಊರವರು ನಿನ್ನನ್ನು ಕರುಣೆಯುಳ್ಳವನು ಎನ್ನುತ್ತಿದ್ದರು. "ಸಾಯೇಬ್ರು ಒಡುದ್ರಾ ಅಂತ ಕೇಳ್ತಾರೆ, ಇಲ್ಲ ಅಂದ್ಬುಡು ಕಣ್ಲಾ" ಎಂದು ನೀನು ಅವರಿಗೆ ಮೆಲ್ಲಗೆ ಹೇಳಿಕೊಡುತ್ತಿದ್ದೆ. ಅವರೆಲ್ಲ ತಲೆಯಾಡಿಸುತ್ತಿದ್ದರು.

ಇವತ್ತು ಕೋರ್ಟಿನೆದುರು ನಾನು ತಮ್ಮನಿಗೆ ಕಾಫಿ ಕೊಡಿಸಿದೆ. ಬೆರಳು ಊದಿಕೊಂಡು ಅವನಿಗೆ ಲೋಟ ಹಿಡಿಯಲಾಗಲಿಲ್ಲ. ನಾನೇ ಬಾಯಿಗೆ ಹಿಡಿದು ಕುಡಿಸಿದೆ.

"ಒಂದ್ ತೊಟ್ಟೂ ಚೆಲ್ನಿಲ್ವಲ್ಲಕ್ಕ, ಎಲ್ಲಿ ಕಲ್ತೆ?" ಎಂದು ನಕ್ಕ.

ಅವನಿಗೆ ಹೇಳಲಿಲ್ಲ. ನಿನಗೆ ಗೊತ್ತಲ್ಲ ಅಪ್ಪ, ನಮ್ಮ ಜಗುಲಿಯ ಮೇಲೆ ಅವರ ಬಾಯಿಗೆ ಲೋಟ ಹಿಡಿದು ಕಾಫಿ ಕುಡಿಸುತ್ತಿದ್ದವಳು ನಾನೇ.