ಯಾರಿಗೂ ಕೇಳಿಸದ ಪೂಜೆ

ಭಾನುವಾರ, ಮಧ್ಯಾಹ್ನ
ಉದ್ದಕ್ಕನ ಮನೆ, ನಾಲ್ಕನೆಯ ಮಹಡಿ

ನನ್ನ ಬಂಗಾರಿಗೆ ಅಮ್ಮನ ಮುತ್ತುಗಳು.

ಪತ್ರ ನೋಡಿ ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಲಿಫ್ಟು ಕೆಟ್ಟಿರುವುದರಿಂದ ದಿನಕ್ಕೆ ಎರಡು ಸಲ ನಾಲ್ಕು ಮಹಡಿ ಹತ್ತಿ ಇಳಿಯುತ್ತೇನೆ, ಹಾಗಾಗಿ ಹಸಿವೂ ಚೆನ್ನಾಗಿದೆ, ನಿದ್ದೆಯೂ ಚೆನ್ನಾಗಿದೆ. ಫೋನು ಕೈಯಲ್ಲಿ ಇಟ್ಟುಕೊಂಡು ಕಾಗದ ಬರೆಯುವುದೇನು ಈ ಮುದುಕಿಗೆ ಎಂದು ನೀನು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಗೊಣಗುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಅದಕ್ಕೂ ಕಾರಣ ಇದೆ, ಮುಂದೆ ಹೇಳುತ್ತೇನೆ. ಮೊದಲು ಸಂತೋಷದ ಸುದ್ದಿ. ಹಳೆಯ ಪೂಜೆ ಸಿಕ್ಕಿತು!

ಹೌದು, ಅದೇ. ಲತೀನ್ ಭಾಷೆಯಲ್ಲಿ, ಗುರುಗಳು ನಮಗೆ ಬೆನ್ನು ಮಾಡಿ ಬಲಿಪೀಠದ ಕಡೆ ಮುಖಮಾಡಿ ಅರ್ಪಿಸುವ ಪೂಜೆ. ನನ್ನ ಅಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳಲ್ಲ, ಅದು. ನಾನು ಹೊರಡುವ ಹಿಂದಿನ ದಿನ ನಮ್ಮಿಬ್ಬರ ಜಗಳದಲ್ಲಿ ನೀನು ಬಾಗಿಲಲ್ಲಿ ನಿಂತು, "ಅಷ್ಟೊಂದು ಹಳೇದೇ ಬೇಕು ಅಂದ್ರೆ ಆ ದೊಡ್ಡ ಊರಲ್ಲೇ ಹುಡುಕ್ಕೋ ಹೋಗು" ಎಂದಿದ್ದೆ. ಅಮ್ಮ ಮಾತು ಕೇಳುವುದಿಲ್ಲ ಎಂದು ಇನ್ನು ಮೇಲೆ ಯಾರ ಹತ್ತಿರವೂ ಹೇಳಬೇಡ. ಹುಡುಕಿದ್ದೇನೆ.

ಸುಲಭಕ್ಕೇನೂ ಸಿಗಲಿಲ್ಲ. ಉದ್ದಕ್ಕನನ್ನು ಕೇಳಿದರೆ, ಅವಳು ಚರ್ಚಿನ ಮೆಟ್ಟಿಲು ಹತ್ತಿ ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿಲ್ಲ. ಪ್ರೆಸ್ಸಿನಲ್ಲಿ ನಾನು ಮಡಚುವ ಯಂತ್ರದ ಮುಂದೆ, ಅವಳು ಅಚ್ಚುಮೊಳೆ ಜೋಡಿಸುವ ಮೇಜಿನ ಮುಂದೆ ಇದ್ದ ಕಾಲದಲ್ಲೂ ಹಾಗೇ ಇದ್ದಳು. "ಇಲ್ಲಿ ರಸ್ತೆಗೊಂದು ಚರ್ಚಿದೆ ಕಣೇ, ಸೀರೆ ಆರಿಸಿದ ಹಾಗೆ ಆರಿಸ್ಕೋ" ಎಂದಳು. ಸರಿ, ಹೋದ ಭಾನುವಾರ ಎಲ್ಲಕ್ಕಿಂತ ದೊಡ್ಡದಕ್ಕೇ ಹೋದೆ. ಅಬ್ಬಾ, ಅದೇನು ಎತ್ತರ! ಕತ್ತು ನೋವು ಬಂತು. ಕಂಬಕ್ಕೊಂದು ಟೀವಿ ಪರದೆ, ಪರದೆಗೊಂದು ಮೈಕು. ಪಾತ್ರೆಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂತೆ ಸದ್ದು. ಪ್ರಬೋಧನೆ ಯಾವುದರ ಬಗ್ಗೆ ಎಂದು ಕೇಳಬೇಡ. ಗುರುಗಳು ಕೈ ಮಾತ್ರ ಬಹಳ ಚೆನ್ನಾಗಿ ಆಡಿಸಿದರು.

ಪೂಜೆ ಮುಗಿದ ಮೇಲೆ ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತರನ್ನು ವಿಚಾರಿಸಿದೆ. ಮುಖವನ್ನು ರಿಜಿಸ್ಟರಿನೊಳಗೆ ಹುದುಗಿಸಿಕೊಂಡೇ ದಾರಿ ಹೇಳಿದರು. ರೈಲ್ವೆ ಸೇತುವೆ ಆಚೆ, ಟೈರು ಅಂಗಡಿಯ ಹಿಂದೆ, ಬೆಳಿಗ್ಗೆ ಎಂಟಕ್ಕೆ, ಅರವತ್ತಾರನೇ ನಂಬರ್ ಬಸ್ಸು. ಸೇತುವೆ, ಟೈರು, ಎಂಟು ಎಲ್ಲ ಸರಿಯಾಗಿಯೇ ಇತ್ತು. ಬಸ್ಸು ಮಾತ್ರ ಐವತ್ತಾರು. ಹಾಗಾಗಿ ಇವತ್ತು ಬೆಳಿಗ್ಗೆ ಏಳು ಗಂಟೆಗೆ ನಿನ್ನ ಅಮ್ಮ ತಲೆ ಬಾಚಿ, ಜಪಸರ ಕೈಯಲ್ಲಿ ಹಿಡಿದು, ಬಸ್ಸು ತೊಳೆಯುವ ಡಿಪೋದಲ್ಲಿ ಇಳಿದಳು. ನಾಲ್ಕು ಜನ ಮೆಕ್ಯಾನಿಕ್ಕುಗಳು ಪೈಪು ಹಿಡಿದು ನನ್ನನ್ನೇ ನೋಡುತ್ತ ನಿಂತರು. ಬಸ್ಸಿನ ಜೊತೆಗೆ ನನ್ನನ್ನೂ ತೊಳೆಯುತ್ತಾರೇನೋ ಎನಿಸಿತು.

ಅಲ್ಲಿಂದ ಟ್ಯಾಕ್ಸಿ. "ಯಾವ ಚರ್ಚಮ್ಮಾ?" ಎಂದ ಚಾಲಕ. "ಜನರಿಗೆ ಬೆನ್ನು ಹಾಕಿ ಪೂಜೆ ಮಾಡೋ ಫಾದರ್ ಇದ್ದಾರಂತಲ್ಲ, ಅದು" ಎಂದೆ. ಅವನು ಸ್ಟಿಯರಿಂಗ್ ಬಿಟ್ಟು ಪೂರ್ತಿ ನನ್ನ ಕಡೆ ತಿರುಗಿದ. "ಈ ಊರಲ್ಲಿ ನಮಗೆ ಬೆನ್ನು ಹಾಕದೆ ಇರೋರು ಯಾರಿದ್ದಾರಮ್ಮಾ?" ನಾನು ನಕ್ಕ ನಗೆಗೆ ಅವನೂ ನಕ್ಕ. ಎದುರಿಗೆ ಲಾರಿ ಬರುತ್ತಿತ್ತು, ದೇವರು ದೊಡ್ಡವನು. ಟೈರು ಅಂಗಡಿಯ ಮುಂದೆ ಇಳಿಸಿ, ನಾನು ಒಳಗೆ ಹೋಗುವವರೆಗೂ ಕಾದಿದ್ದು ಹೊರಟ.

ಹಳೆಯ ಗೋದಾಮಿನಂಥ ಸಣ್ಣ ಇಗರ್ಜಿ, ಬಂಗಾರಿ. ಗೋಡೆಗೆ ಸುಣ್ಣ, ನೆಲಕ್ಕೆ ಸಿಮೆಂಟು, ಬಲಿಪೀಠದ ಮೇಲೆ ಆರು ಮೇಣದಬತ್ತಿ. ಐವತ್ತು ಜನ ಇದ್ದಿರಬಹುದು, ಎಲ್ಲರೂ ನನ್ನ ವಯಸ್ಸಿನವರು ಎಂದುಕೊಂಡಿದ್ದೆ. ಎಲ್ಲಿ! ಕಂಕುಳಲ್ಲಿ ಮಗು ಇಟ್ಟುಕೊಂಡ ನಿನ್ನ ವಯಸ್ಸಿನವರೇ ಹೆಚ್ಚು. ಬಾಗಿಲ ಹತ್ತಿರ ದಪ್ಪಗಿನ ಹೆಂಗಸೊಬ್ಬರು ನನ್ನ ಬರಿದಲೆ ನೋಡಿ, ತಮ್ಮ ಚೀಲದಿಂದ ಲೇಸಿನ ಮುಸುಕು ತೆಗೆದು ಹೊದಿಸಿ, ಪಿನ್ನು ಚುಚ್ಚಿ, ಪಕ್ಕದಲ್ಲೇ ಕೂರಿಸಿಕೊಂಡರು. ಆಮೇಲೆ ತಿಳಿಯಿತು, ಅವರ ಕಸುಬೇ ಲೇಸು ರಿಪೇರಿ. ಹೆಸರು ಕೇಳಲು ಮರೆತೆ, ಮನಸ್ಸಿನಲ್ಲಿ ಲೇಸಮ್ಮ ಎಂದು ಇಟ್ಟುಕೊಂಡಿದ್ದೇನೆ. ಅವರೇ ನನ್ನ ಕೈಗೆ ಪೂಜೆಯ ಪುಸ್ತಕ ಕೊಟ್ಟರು. ಒಂದು ಕಡೆ ಲತೀನು, ಇನ್ನೊಂದು ಕಡೆ ಅರ್ಥ. ಪ್ರೆಸ್ಸಿನ ಮೂವತ್ತೊಂದು ವರ್ಷದ ಅಭ್ಯಾಸ, ನಾನು ಮೊದಲು ನೋಡಿದ್ದು ಪುಸ್ತಕದ ಬೆನ್ನನ್ನು. ಹದಿನಾರು ಪುಟದ ಮಡಿಕೆ, ದಾರದ ಹೊಲಿಗೆ, ಒಂದು ಹಾಳೆಯೂ ಓರೆಯಿಲ್ಲ. ಮಡಚಿದವರಿಗೆ ಮನಸ್ಸಿನಲ್ಲೇ ಶಾಬಾಸ್ ಹೇಳಿದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕೂತುಕೋ.

ನನಗೆ ಕಿವಿ ಕೇಳಿಸುತ್ತಿಲ್ಲ, ಬಂಗಾರಿ. ಪೂರ್ತಿ ಹೋಗಿಲ್ಲ. ಬಾಗಿಲು ಬಡಿದದ್ದು, ಲಾರಿ ಹೋದದ್ದು ಗೊತ್ತಾಗುತ್ತದೆ. ಎದುರಿಗೆ ನಿಂತು ತುಟಿ ಕಾಣುವಂತೆ ಮಾತಾಡಿದರೆ ಸರಿಹೋಗುತ್ತದೆ. ಬೆನ್ನ ಹಿಂದಿನ ಮಾತು, ಪಿಸುಮಾತು, ಹಾಡು, ಇವು ಹೋಗಿವೆ. ಬಹುಶಃ ಪ್ರೆಸ್ಸಿನ ಆ ಯಂತ್ರಗಳ ಗಲಾಟೆಯೇ ತಿಂದಿರಬೇಕು. ಎರಡು ವರ್ಷದಿಂದ ನಿಧಾನವಾಗಿ ಹೋಗುತ್ತಿತ್ತು, ನಾನೂ ಜಾಣತನದಿಂದ ಸಂಭಾಳಿಸುತ್ತಿದ್ದೆ. ನೀನು ನಕ್ಕರೆ ನಗುವುದು, ಹುಬ್ಬು ಗಂಟಿಕ್ಕಿದರೆ "ಅಯ್ಯೋ ಪಾಪ" ಎನ್ನುವುದು. ನೂರಕ್ಕೆ ತೊಂಬತ್ತು ಸಲ ಸರಿಹೋಗುತ್ತಿತ್ತು. ನೀನು ಫೋನು ಮಾಡಿದಾಗಲೆಲ್ಲ ಸಿಗ್ನಲ್ ಇಲ್ಲ ಎಂದು ಇಡುತ್ತಿದ್ದೆನಲ್ಲ, ಸಿಗ್ನಲ್ ಇತ್ತು. ಈಗ ಗೊತ್ತಾಯಿತೇ, ಕಾಗದ ಯಾಕೆ ಎಂದು? ಮೆಸೇಜಿನಲ್ಲಿ ಎರಡು ಸಾಲು ಬರೆದು ಇದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ.

ಎಂಟು ತಿಂಗಳ ಹಿಂದಿನ ಆ ಭಾನುವಾರ ನೀವು ಹಾಡುತ್ತಿದ್ದಿರಿ. ನನಗೆ ಹಾಡು ಮುಗಿಯಿತು ಎನಿಸಿತು. ಎದ್ದು ನಿಂತು ಗಟ್ಟಿಯಾಗಿ ವಿಶ್ವಾಸ ಸಂಗ್ರಹದ ಪ್ರಾರ್ಥನೆ ಶುರುಮಾಡಿದೆ. ಮುಂದಿನ ಬೆಂಚಿನ ಇಬ್ಬರು ಹುಡುಗಿಯರು ತಿರುಗಿ ಬಾಯಿ ಮುಚ್ಚಿಕೊಂಡು ನಕ್ಕರು. ನೀನು ಗಾನವೃಂದದ ಮುಂದೆ ನಿಂತು ಕೈ ಬೀಸುತ್ತಿದ್ದೆ, ನನ್ನನ್ನು ನೋಡಲಿಲ್ಲ. ಅವತ್ತಿನಿಂದ ನಾನು ಪೂಜೆಗೆ ಬರುವುದನ್ನು ಬಿಟ್ಟೆ. ನೀನು ಕಾರಣ ಕೇಳಿದಾಗ ಬಾಯಿಗೆ ಬಂದದ್ದು ಗಿಟಾರು. "ಆ ಗಿಟಾರು, ಡ್ರಮ್ಮು ಎಲ್ಲ ನಂಗಾಗಲ್ಲ, ನಂಗೆ ಹಳೇ ಪೂಜೆ ಬೇಕು" ಎಂದುಬಿಟ್ಟೆ. ಕಿವುಡಿ ಎನ್ನಿಸಿಕೊಳ್ಳುವುದಕ್ಕಿಂತ ಹಟಮಾರಿ ಎನ್ನಿಸಿಕೊಳ್ಳುವುದು ವಾಸಿ ಎನಿಸಿತು. ನಿನ್ನ ಮುಖ ಬಾಡಿದ್ದು ಮಾತ್ರ ಕಂಡಿತು. ಅದಕ್ಕೆ ಕಿವಿ ಬೇಕಿರಲಿಲ್ಲ. ನಿನ್ನ ಹಾಡಿನಲ್ಲಿ ಯಾವ ತಪ್ಪೂ ಇರಲಿಲ್ಲ, ಮಗಳೇ. ನಿನ್ನ ಬಾಯಿ ಅಲುಗುವುದು ಕಾಣುತ್ತಿತ್ತು, ಹಾಡು ನನ್ನವರೆಗೆ ಬರುತ್ತಿರಲಿಲ್ಲ.

ಇನ್ನೂ ಒಂದು. ನಾನು ಇಲ್ಲಿಗೆ ಬಂದದ್ದು ಗೆಳತಿಯನ್ನು ನೋಡಲಿಕ್ಕಲ್ಲ, ಕಿವಿ ತೋರಿಸಲಿಕ್ಕೆ. ಉದ್ದಕ್ಕ ಬುಧವಾರಕ್ಕೆ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದ್ದಳು. ನಾನು ಆಸ್ಪತ್ರೆಯ ಬಾಗಿಲವರೆಗೆ ಹೋಗಿ, ಎದುರಿನ ಪಾರ್ಕಿನಲ್ಲಿ ಎರಡು ಗಂಟೆ ಬಾತುಕೋಳಿ ನೋಡುತ್ತ ಕೂತು, ಮನೆಗೆ ಬಂದು "ಡಾಕ್ಟರು ರಜ" ಎಂದೆ. ಉದ್ದಕ್ಕ ನನ್ನನ್ನೇ ದಿಟ್ಟಿಸಿ ನೋಡಿದಳು.

ಈಗ ಇಗರ್ಜಿಗೆ ವಾಪಸ್ಸು ಬಾ. ಪೂಜೆ ಶುರುವಾಯಿತು. ಗುರುಗಳು ನಮಗೆ ಬೆನ್ನು, ತುಟಿ ಕಾಣುವಂತಿಲ್ಲ. ಪುಸ್ತಕ ನೋಡಿಕೊಂಡು ಹೇಗೋ ಹಿಂಬಾಲಿಸಿದೆ. ಕೆಮ್ಮು, ಬೆಂಚಿನ ಕಿರ್ರೆನ್ನುವ ಸದ್ದು, ಮಗುವಿನ ಅಳು ಅಷ್ಟಿಷ್ಟು ಕಿವಿಗೆ ತಾಗುತ್ತಿದ್ದವು. ಪೂಜೆಯ ನಡುಭಾಗಕ್ಕೆ ಎಲ್ಲರೂ ಮಂಡಿಯೂರಿದರು, ನಾನೂ ಊರಿದೆ. ಇದ್ದಕ್ಕಿದ್ದಂತೆ ಏನೂ ಇಲ್ಲ. ಕೆಮ್ಮಿಲ್ಲ, ಬೆಂಚಿಲ್ಲ, ಮಗುವೂ ಇಲ್ಲ. ಹೋಯಿತು, ಉಳಿದಿದ್ದ ಚೂರುಪಾರೂ ಹೋಯಿತು, ಬುಧವಾರವೇ ಡಾಕ್ಟರ ಹತ್ತಿರ ಹೋಗಬೇಕಿತ್ತು ಎಂದು ಬೆವತುಬಿಟ್ಟೆ. ಲೇಸಮ್ಮನ ತೋಳು ಗಟ್ಟಿಯಾಗಿ ಹಿಡಿದು, "ನಿಮಗೆ ಏನಾದ್ರೂ ಕೇಳಿಸ್ತಾ ಇದೆಯಾ?" ಎಂದು ಕೇಳಿದೆ.

ನಾನು ಪಿಸುಗುಟ್ಟಿದೆ ಎಂದುಕೊಂಡಿದ್ದೆ. ಕಿರುಚಿದ್ದೆನಂತೆ. ಐವತ್ತು ತಲೆ ಒಟ್ಟಿಗೆ ತಿರುಗಿದವು. ಗುರುಗಳು ತಿರುಗಲಿಲ್ಲ, ಆದರೆ ಅವರ ಭುಜ ಎರಡು ಸಲ ಅಲುಗಿತು, ನಗು ತಡೆದುಕೊಳ್ಳುವವರ ಹಾಗೆ. ಲೇಸಮ್ಮ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ನನ್ನ ಮುಖದ ಮುಂದೆ ಮುಖ ತಂದು, ಒಂದೊಂದೇ ಅಕ್ಷರ ತುಟಿಯಲ್ಲಿ ಬಿಡಿಸಿ ಹೇಳಿದರು. "ಯಾರಿಗೂ ಕೇಳಿಸಲ್ಲ. ಇದು ದೇವರಿಗೆ ಹೇಳೋದು."

ಗುರುಗಳು ಆ ಭಾಗವನ್ನು ಮೆಲುದನಿಯಲ್ಲೇ ಹೇಳಬೇಕಂತೆ. ಮೊದಲ ಬೆಂಚಿನವರಿಗೂ ಕೇಳಿಸುವುದಿಲ್ಲ. ಮಕ್ಕಳಿಗೂ ಕೇಳಿಸುವುದಿಲ್ಲ, ಚುರುಕು ಕಿವಿಯವರಿಗೂ ಇಲ್ಲ. ಇಡೀ ಇಗರ್ಜಿಯಲ್ಲಿ ನನ್ನ ಹಾಗೆಯೇ ಐವತ್ತು ಜನ! ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಕಿವಿ ಕೆಡತೊಡಗಿದ ಮೇಲೆ ಪೂಜೆಯಲ್ಲಿ ಯಾವಾಗ ಏಳಬೇಕು, ಯಾವಾಗ ಕೂರಬೇಕು, ಯಾರು ನಗುತ್ತಾರೆ ಎನ್ನುವುದೇ ನನ್ನ ಪ್ರಾರ್ಥನೆಯಾಗಿತ್ತು. ಅಲ್ಲಿ ಮಂಡಿಯೂರಿ, ಎರವಲು ಮುಸುಕಿನೊಳಗೆ, ನಾನು ನಿಜವಾಗಿ ಪ್ರಾರ್ಥನೆ ಮಾಡಿದೆ. ನಿನಗಾಗಿ ಮಾಡಿದೆ. ನಿನ್ನ ಅಂಗಡಿಗಾಗಿ ಮಾಡಿದೆ. ನನ್ನನ್ನು ನೋಡಿ ನಕ್ಕ ಆ ಇಬ್ಬರು ಹುಡುಗಿಯರಿಗೂ ಒಂದು ಸಣ್ಣದು ಮಾಡಿದೆ.

ಆಮೇಲೆ ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಕಾಫಿ. ಗುರುಗಳು ಬಂದರು, ನಿನಗಿಂತಲೂ ಚಿಕ್ಕವರು! "ಕೇಳಿದ್ದು ನೀವೇನಾ? ನೀವು ಕೇಳಿದ ಮೇಲೆ ನಂಗೂ ಒಂದು ಸಲ ಅನುಮಾನ ಬಂತು, ಕೇಳಿಸೋ ಹಾಗೆ ಹೇಳ್ತಾ ಇದ್ದೀನೇನೋ ಅಂತ" ಎಂದು ನಕ್ಕರು. ನಾನು ನೆಲ ಬಿರಿಯಬಾರದೇ ಎಂದುಕೊಂಡೆ. ಅವರು ಅತ್ತ ಹೋದ ಮೇಲೆ ಲೇಸಮ್ಮ ನನ್ನನ್ನು ಮೂಲೆಗೆ ಕರೆದರು. ತಮ್ಮ ಮುಸುಕು ಸರಿಸಿ ಕಿವಿ ತೋರಿಸಿದರು. ಹುರುಳಿ ಕಾಳಿಗಿಂತ ಸ್ವಲ್ಪ ದೊಡ್ಡ ಯಂತ್ರ. "ಮೂರು ವರ್ಷ ಮುಚ್ಚಿಟ್ಟೆ ನಾನು. ನಮ್ಮ ಸೊಸೆ ನಾನು ಕೋಪ ಮಾಡ್ಕೊಂಡಿದೀನಿ ಅಂತ ಮಾತೇ ಬಿಟ್ಟಿದ್ಲು. ನಿಮ್ಮ ಮನೇಲಿ ಯಾರು ಹಾಗಂದ್ಕೊಂಡಿದಾರೆ?" ಎಂದರು.

ನಾನು ಕಾಫಿ ಬಟ್ಟಲು ಅಲ್ಲೇ ಇಟ್ಟು ನೇರ ಮನೆಗೆ ಬಂದು, ಉದ್ದಕ್ಕನ ಮೇಜಿನ ಮೇಲಿನ ಕಾಗದವೆಲ್ಲ ಬದಿಗೆ ತಳ್ಳಿ, ಇದನ್ನು ಬರೆಯಲು ಕೂತೆ.

ಆ ಇಗರ್ಜಿ ನನಗೆ ತುಂಬ ಹಿಡಿಸಿತು. ಬರುವ ಭಾನುವಾರವೂ ಹೋಗುತ್ತೇನೆ. ಆದರೆ ಊರಿಗೆ ಬಂದ ಮೇಲೆ ನಾನು ಕೂರುವುದು ನಿನ್ನ ಗಾನವೃಂದದ ಮುಂದೆಯೇ, ಕೇಳಿಸಿದರೂ ಸರಿ, ಕೇಳಿಸದಿದ್ದರೂ ಸರಿ. ಏಳುವಾಗ, ಕೂರುವಾಗ ನನ್ನ ಕಡೆ ಒಂದು ಸಲ ಕಣ್ಣು ಹಾಯಿಸು, ಸಾಕು. ಕೋಪ ಬಂದಿದ್ದರೆ ಬೈದು ಬರಿ. ಓದುವುದಕ್ಕೆ ಕಣ್ಣು ಚೆನ್ನಾಗಿವೆ.

ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳುತ್ತಾ,
ನಿನ್ನ ಅಮ್ಮ

ಮರೆತ ಮಾತು: ಮಂಗಳವಾರ, ಸಂಜೆ ನಾಲ್ಕು. ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಹೋಗಿದ್ದೆ, ಈ ಸಲ ಒಳಗೆ. ಪರೀಕ್ಷೆ ಮಾಡುವಾಕೆ ಕಿವಿಗೆ ಯಂತ್ರವೊಂದನ್ನು ಹಾಕಿ, ಏನಾದರೂ ಕೇಳಿ ನೋಡಿ ಎಂದಳು. ಉದ್ದಕ್ಕ ತನ್ನ ಫೋನು ತೆಗೆದು, ಕಳೆದ ತಿಂಗಳು ನೀನು ಅವಳಿಗೆ ಕಳಿಸಿದ್ದ ನಿನ್ನ ಹಾಡು ಹಾಕಿದಳು. ಮೂರು ಸಲ ಕೇಳಿದೆ. ಹಾಡುವಾಗ ನಿನಗೆ ಜೋರು ಶೀತವಾಗಿತ್ತು, ಅಲ್ಲವೇ? ಎರಡನೆಯ ಚರಣದಲ್ಲಿ ಮೂಗು ಕಟ್ಟಿದ್ದು ಗೊತ್ತಾಗುತ್ತದೆ. ನನಗೇಕೆ ಹೇಳಲಿಲ್ಲ? ಹೇಳಿದ್ದೆಯೋ ಏನೋ.