ದುಪ್ಪಟ್ಟಾದ ಕೊಂಬೆ

ಸೋಮವಾರ, ಮಧ್ಯಾಹ್ನ
ಗಾಜಿನ ಮನೆಯಿಂದ

ಪ್ರೀತಿಯ ಕತ್ತರಿರಾಯರೇ,

ಮುನಿಸು ಇನ್ನೂ ಆರಿಲ್ಲದಿದ್ದರೆ ಅದನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಇದನ್ನು ಓದಿ. ಈ ತೋಟದ ಕಸಿ ಕೆಲಸವನ್ನೂ ನನ್ನನ್ನೂ ಒಟ್ಟಿಗೇ ಬಿಟ್ಟು ಹೋದಿರಿ. ನಿಮ್ಮ ಅಕ್ಕನ ಮನೆಯಲ್ಲಿ ಹೊತ್ತು ಹೊತ್ತಿಗೆ ಊಟ ಸಿಗುತ್ತಿರಬೇಕು. ಹೆಂಡತಿ ಸೂಕ್ಷ್ಮದರ್ಶಕ ಬಿಟ್ಟು ಏಳಲಿ ಎಂದು ಕಾಯುವ ಕಷ್ಟ ಅಲ್ಲಿಲ್ಲವಲ್ಲ. ನಾನು ಚೆನ್ನಾಗಿದ್ದೇನೆ. ಬರೆಯುತ್ತಿರುವುದು ಕಿಟಕಿಯಾಚೆಯ ಸೇಬಿನ ಮರಕ್ಕಾಗಿ.

ಅದರ ಒಂದು ಚಿಗುರಿನ ತುದಿಗೆ ನಾನು ಹನಿಹನಿಯಾಗಿ ಕೋಲ್ಚಿಸಿನ್ ಅನ್ನುವ ಮದ್ದು ಬಿಡುತ್ತಿದ್ದಾಗ, ವಿಷ ಹಾಕಿ ಸಾಕ್ತೀಯಲ್ಲ, ಯಾವ ಸೀಮೆ ತಾಯಿ ನೀನು ಅಂತ ರೇಗಿಸಿದ್ದಿರಿ. ಆಗ ಬಿಡಿಸಿ ಹೇಳಲಿಲ್ಲ, ಈಗ ಹೇಳುತ್ತೇನೆ. ಜೀವಕೋಶ ಎರಡಾಗುವ ಮೊದಲು ತನ್ನ ಕ್ರೋಮೋಸೋಮುಗಳನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳುತ್ತದೆ, ಪಾಲಾಗುವ ಮನೆಯಲ್ಲಿ ಪಾತ್ರೆಪಗಡೆ ಎರಡೆರಡು ಜೋಡಿಸಿಟ್ಟ ಹಾಗೆ. ಆ ಹನಿ ಬಿದ್ದರೆ ಪಾಲು ಅಲ್ಲಿಗೇ ನಿಲ್ಲುತ್ತದೆ. ನಡುವೆ ಗೋಡೆ ಏಳುವುದಿಲ್ಲ. ಎರಡು ಸಂಸಾರದ ಸಾಮಾನು ಒಂದೇ ಮನೆಯಲ್ಲಿ ಉಳಿಯುತ್ತದೆ. ಮನೆ ದೊಡ್ಡದಾಗಲೇಬೇಕು.

ಆ ಕೊಂಬೆ ಈಗ ಹಾಗಿದೆ. ಎಲೆ ಅಗಲ, ಕಡುಹಸಿರು, ಮುಟ್ಟಿದರೆ ಹಸುವಿನ ಕಿವಿಯಷ್ಟು ದಪ್ಪ. ಗೆಣ್ಣುಗಳು ಒತ್ತೊತ್ತಾಗಿವೆ. ಎಲೆ ಉಸಿರಾಡುವ ರಂಧ್ರಗಳು ಕಡಿಮೆ, ಆದರೆ ಒಂದೊಂದೂ ದೊಡ್ಡದು. ಮಸೂರದ ಕೆಳಗೆ ಅವನ್ನೇ ನೋಡುತ್ತಾ ಕುಳಿತರೆ ನನಗೂ ಜೊಂಪು ಹತ್ತುತ್ತದೆ. ಬಿಸಿಲು ಎಲೆಗಳೊಳಗಿಂದ ಹಸಿರಾಗಿ ಈ ಕಾಗದದ ಮೇಲೆ ಇಳಿಯುತ್ತದೆ, ಇಡೀ ಕೋಣೆ ಮೆಲ್ಲಗೆ ಉಸಿರಾಡುತ್ತಿದೆ ಅನ್ನಿಸುತ್ತದೆ. ನಿನ್ನೆ ಹಾಗೇ ಕಣ್ಣು ಮುಚ್ಚಿದಾಗ ನೀವು ಆ ಕೊಂಬೆಯಡಿ ಕುಳಿತು ಚಾಕು ಮಸೆಯುತ್ತಿದ್ದಿರಿ. ಕರೆದೆ. ತಲೆ ಎತ್ತಲಿಲ್ಲ, ಎದ್ದು ಹೋಗಲೂ ಇಲ್ಲ. ಎಚ್ಚರವಾಗಬಾರದಿತ್ತು.

ಪಕ್ಕದ ಮಾಮೂಲಿ ಕೊಂಬೆಗಳು ಸೂರು ಮುಟ್ಟಿದರೂ ಇದು ಇನ್ನೂ ಗೇಣುದ್ದ. ಎರಡು ವರ್ಷಕ್ಕೆ ಇಷ್ಟೇನಾ, ಈ ಮರಕ್ಕೂ ನಿನಗೂ ಅವಸರ ಅನ್ನೋದೇ ಗೊತ್ತಿಲ್ಲ ಅಂತ ಹೇಳಿಯೇ ನೀವು ಚೀಲ ಎತ್ತಿಕೊಂಡದ್ದು. ಹೊಸ ಮೇಲ್ವಿಚಾರಕರೂ ಬಂದು ನೋಡಿದರು. ಏನಮ್ಮ ಇದು, ಹೀಗೆ ಮುರುಟಿಕೊಂಡಿದೆ, ಏನೋ ರೋಗ ಇರಬೇಕು, ಉಳಿದವಕ್ಕೆ ಅಂಟೋ ಮೊದಲು ಮರಾನೇ ಕಿತ್ತುಹಾಕಿಸಿ ಅಂದರು. ಕಾಂಡಕ್ಕೆ ಕೆಂಪು ಬಣ್ಣ ಬಳಿಸಿದ್ದಾರೆ. ಭಾನುವಾರ ಕೀಳುತ್ತಾರೆ.

ಅಷ್ಟರೊಳಗೆ ಆ ಕೊಂಬೆಯ ಕಡ್ಡಿಯನ್ನು ಬೇರೆ ಗಿಡಕ್ಕೆ ಕಸಿ ಕಟ್ಟಬೇಕು. ಕಡ್ಡಿ ದಪ್ಪ, ಇಲ್ಲಿರುವ ಗಿಡಗಳ ಕಾಂಡ ಸಪೂರ. ಸಿಪ್ಪೆಯಡಿಯ ಹಸಿರು ಪದರ ಒಂದು ಬದಿಯಲ್ಲಾದರೂ ಕೂಡದಿದ್ದರೆ ಒಣಗಿಹೋಗುತ್ತದೆ. ಅಂಥ ಕೈ ಇಲ್ಲಿ ಯಾರಿಗೂ ಇಲ್ಲ. ನನ್ನ ಕೈ ನಿಮಗೆ ಗೊತ್ತೇ ಇದೆ, ಈರುಳ್ಳಿ ಹೆಚ್ಚಲು ಕುಳಿತರೆ ಬೆರಳು ಹೆಚ್ಚಿಕೊಳ್ಳುವವಳು. ಶನಿವಾರ ಬೆಳಗಿನ ಬಸ್ಸಿಗೆ ಬಂದರೆ ಸಾಕು, ಸಂಜೆಯ ಬಸ್ಸಿಗೆ ಹೊರಟುಬಿಡಬಹುದು. ನಮ್ಮ ಜಗಳದಲ್ಲಿ ಮರದ ತಪ್ಪೇನೂ ಇಲ್ಲವಲ್ಲ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಸುಳ್ಳು ಹೇಳಿ ಕರೆಸಿಕೊಂಡರೆ ಶನಿವಾರ ನಿಮಗೆ ಮುಖ ತೋರಿಸುವುದು ಹೇಗೆ? ಮರವನ್ನು ಕೀಳುವುದಿಲ್ಲ. ರೋಗವಲ್ಲ ಎಂದು ಎಲೆಯನ್ನು ಮಸೂರದಲ್ಲಿ ತೋರಿಸಿದ ದಿನವೇ ಮೇಲ್ವಿಚಾರಕರು ಕೆಂಪು ಬಣ್ಣ ಉಜ್ಜಿ ತೆಗೆಸಿದರು. ಕಸಿಯನ್ನೂ ತಿಂಗಳ ಹಿಂದೆಯೇ ನಾನೇ ಕಟ್ಟಿದೆ. ಒಂದೆರಡು ಒಣಗಿದವು, ಒಂದು ಹಿಡಿದಿದೆ. ಇವತ್ತು ಬೆಳಿಗ್ಗೆ ಚಿಗುರು ಒಡೆದಿದೆ. ಮರಕ್ಕೆ ನಿಮ್ಮಿಂದ ಆಗಬೇಕಾದದ್ದು ಏನೂ ಇಲ್ಲ. ನೀವು ಬೇಕಾಗಿರುವುದು ನನಗೆ. ಇದು ತಿಳಿದ ಮೇಲೂ ಬರುವುದಾದರೆ, ಸಂಜೆಯ ಬಸ್ಸಿನ ಮಾತು ಮರೆತುಬಿಡಿ.