ಒಂದು ಸ್ವಿಚ್ಚಿಗೆ ಎರಡು ಬಲ್ಬು

ಬಾವಾ,

ಕಂಬಂ ಕಣಿವೆಗೆ ಮೊದಲು ಕರೆಂಟು ತಂದವನು ನಾನೇ. ಅಣೆಕಟ್ಟು ಕಟ್ಟಿದವರು ಬೇರೆ ಯಾರೋ ಇರಬಹುದು. ತಂತಿಯ ಮೇಲೆ ಹೆದರಿ ನಿಂತಿದ್ದ ಕರೆಂಟನ್ನು "ಬಾ, ಏನೂ ಆಗಲ್ಲ" ಎಂದು ಮನೆಯೊಳಗೆ ಕರೆದವನು ನಾನು. ಇಲ್ಲಿ ನೀವು "ಹೂಂ, ಆಮೇಲೆ?" ಅನ್ನಬೇಕಿತ್ತು. ನೀವು ಅನ್ನದಿದ್ದರೆ ನನ್ನ ಸುಳ್ಳು ಮುಂದಕ್ಕೇ ಹೋಗುವುದಿಲ್ಲ.

ಹಿತ್ತಿಲಿಗೆ ಬಲ್ಬು ಹಾಕಿದ ದಿನ ನೆನಪಿದೆಯೇ? ದ್ರಾಕ್ಷಿ ಕೊಯ್ದು ಕಳಿಸಿ ಕೈಗೆ ಬಿಡುವಾಗಿತ್ತು. ಅಕ್ಕ ಬೆಳಗಿನ ಜಾವ ಹಸು ಕರೆಯಲು ಕತ್ತಲಲ್ಲೇ ಕೊಟ್ಟಿಗೆಗೆ ಹೋಗುತ್ತಾಳೆ, ಹೊರಗೋಡೆಗೊಂದು ದೀಪ ಬೇಕು ಎಂದಿರಿ. ನಮ್ಮೂರು ತೇವಾರದಲ್ಲಿ ನಾನಿರುವಾಗ ಕೆಲಸದವನನ್ನು ಕರೆಸುವುದೇ? ಮೇನ್ ಆಫ್ ಮಾಡಿ, ನಿಮ್ಮ ಕೋಣೆಯ ಗೋಡೆಗೆ ತೂತು ಕೊರೆದು, ಒಳಗಿನ ಬಲ್ಬಿಗೆ ಹೋಗುತ್ತಿದ್ದ ವಯರಿಗೇ ಹೊಸ ವಯರು ಸೇರಿಸಿ, ಪೈಪಿನಲ್ಲಿ ಹೊರಗೆಳೆದೆ. ಸ್ವಿಚ್ಚು ಹಾಕಿದರೆ ಹಿತ್ತಿಲು ಬೆಳಗಿತು. ಕೋಣೆಯೂ ಬೆಳಗಿತು. ಆರಿಸಿದರೆ ಎರಡೂ ಆರಿದವು.

"ಏನ್ಲಾ ಇದು?" ಅಂದಳು ಅಕ್ಕ.

"ಬೇಕಂತ್ಲೇ ಮಾಡಿದ್ದು ಅಕ್ಕಾ. ಒಂದು ಸ್ವಿಚ್ಚಿಗೆ ಎರಡು ಬಲ್ಬು. ದಿಂಡಿಗಲ್ ಬಂಗ್ಲೆಗಳ್ನಾಗ ಈಗ ಎಲ್ಲಾ ಹಿಂಗೇ."

"ಹೂಂ, ದಿಂಡಿಗಲ್ನಾಗ ಇವ್ನಿಗೆ ಬಂಗ್ಲೆ ಐತಲ್ಲ, ನಿಂಗೊತ್ತಿಲ್ವಾ?" ಅಂದಿರಿ ನೀವು. ಬೇರೆ ಸ್ವಿಚ್ಚು ಹಾಕು ಅನ್ನಲಿಲ್ಲ.

ಒಂದು ಬೆಳಗಿನ ಜಾವ ತೋಟಕ್ಕೆ ಕರೆಯಲು ಬಂದವನು ನಿಮ್ಮ ಬಾಗಿಲಲ್ಲೇ ನಿಂತೆ. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಬೆಳಕಿದ್ದರೆ ಕಣ್ಣು ಮುಚ್ಚಲಾರದ ಮನುಷ್ಯ ನೀವು. ಮುಖದ ಮೇಲೆ ಟವೆಲು ಹೊದ್ದು ಮಲಗಿದ್ದಿರಿ. ಅಕ್ಕ ಕೊಟ್ಟಿಗೆಯಲ್ಲಿದ್ದಳು.

"ಬಾವಾ, ಬೇರೆ ಸ್ವಿಚ್ಚು ಹಾಕ್ಬಿಡ್ಲಾ?"

"ವೇಣಾಂ ಪಾ, ಬೇಡ," ಅಂದಿರಿ ಟವೆಲಿನೊಳಗಿಂದಲೇ. "ಅವ್ಳು ವಾಪಸ್ ಬಂದು ಇದನ್ನ ಆರಿಸ್ತಾಳಲ್ಲ, ಆಗ ನಂಗೆ ನಿದ್ದೆ."

ನೀವು ಹೋದ ದಿನ ಹಿರಿಯರು ನಿಮ್ಮ ಮಂಚದ ಜಾಗದಲ್ಲಿ ದೀಪ ಇಟ್ಟರು. ಕಾರ್ಯ ಮುಗಿಯುವವರೆಗೆ ಆ ಕೋಣೆ ಕತ್ತಲಾಗಬಾರದು, ಬಲ್ಬನ್ನೂ ಆರಿಸಬೇಡಿ ಎಂದರು. ಹಾಗಾಗಿ ಹಿತ್ತಿಲ ಬಲ್ಬೂ ಹಗಲೂ ರಾತ್ರಿ ಉರಿಯಿತು. ಎದುರು ಮನೆಯ ಪಾಟಿ ಮಟಮಟ ಮಧ್ಯಾಹ್ನ ಬಂದು, "ಏನಪ್ಪಾ, ಸೂರ್ಯಂಗೇ ದಾರಿ ತೋರಿಸ್ತಿದೀಯಾ?" ಅಂದಳು. ಬೇರೆ ದಿನವಾಗಿದ್ದರೆ ಮುದುಕಿಗೆ ಉತ್ತರ ಕೊಡದೆ ಬಿಡುತ್ತಿದ್ದೆನೇ? ಆ ಬಿಸಿಲಲ್ಲಿ ಉರಿಯುವ ಬಲ್ಬನ್ನು ನೋಡುತ್ತಾ ಕೂತಿದ್ದೆ. ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ಕಾರ್ಯ ಮುಗಿದ ಮೇಲೆ ಒಂದು ಬೆಳಿಗ್ಗೆ ಹಾಲಿಗೆ ಹೋದರೆ ಅಕ್ಕನ ಮಂಡಿ ತರಚಿತ್ತು. ಕಲ್ಲು ಎಡವಿ ಬಿದ್ದಿದ್ದಳು, ಪಾತ್ರೆ ಒಂದು ಕಡೆ, ಹಾಲು ಒಂದು ಕಡೆ.

"ಲೈಟು ಹಾಕ್ಕೊಳಕ್ಕೇನು ನಿಂಗೆ?"

"ಹಾಕ್ತಿದ್ದೆ. ಅವ್ರು ಎದ್ಬಿಟ್ಟಾರು ಅಂತ ಮೆಲ್ಲಕ್ಕೆ ಸ್ವಿಚ್ಚು ಒತ್ತೀನಿ. ಆಮೇಲೆ ನೋಡಿದ್ರೆ ಬರೀ ಮಂಚ..." ಅಂದು ಮಂಡಿಯ ಮಣ್ಣು ಒರೆಸಿಕೊಂಡಳು. "ಕತ್ತಲೇ ಪರವಾಯಿಲ್ಲ, ಬಿಡು."

ಮೆಟ್ಟಿಲು ಜಾರುತ್ತದೆ, ಗೊಬ್ಬರದ ಗುಂಡಿ ಬದಿಯಲ್ಲೇ ಇದೆ, ಅವಳ ಕಣ್ಣೂ ಮೊದಲಿನಂತಿಲ್ಲ. ಮುಂದಿನ ಸಲ ಬಿದ್ದರೆ ಬರೀ ಮಂಡಿ ಅಲ್ಲ. ಅವತ್ತೇ ವಯರು ಬಿಚ್ಚಬೇಕಿತ್ತು. ಆದರೆ ಬೇಕಂತಲೇ ಮಾಡಿದ್ದು ಎಂದು ಊರಿಗೆಲ್ಲಾ ಸಾರಿದವನು ಈಗ ಹೇಗೆ... ಅದಕ್ಕೇ ಬತ್ತಲಗುಂಡಿಗೆ ಬಸ್ ಹತ್ತಿ, ಘಾಟಿ ರಸ್ತೆ ತಿರುವಿನಲ್ಲಿ ಗೋಣಿ ಹಾಸಿಕೊಂಡು ಸಾಮಾನು ಮಾರುತ್ತಾ ಕೂತವನ ಹತ್ತಿರ ಸೋಲಾರ್ ದೀಪ ತಂದೆ. ವಯರೂ ಬೇಡ, ಸ್ವಿಚ್ಚೂ ಬೇಡ, ನನ್ನ ಮಾನವೂ ಉಳಿಯಿತು. ಎರಡು ರಾತ್ರಿ ಹುಣ್ಣಿಮೆ. ಮೂರನೆಯ ರಾತ್ರಿ ಮಿಂಚುಹುಳವೂ ಅದಕ್ಕಿಂತ ಮೇಲು.

ನಿನ್ನೆ ಮೇನ್ ಆಫ್ ಮಾಡಿ ನಿಮ್ಮ ಕೋಣೆಗೆ ಹೋದೆ. ಮಂಚವನ್ನು ಸರಿಸದೆಯೇ ಅದರ ಪಕ್ಕ ಏಣಿ ಇಟ್ಟೆ. ನಾನು ಹಿಂದೆ ಸೇರಿಸಿದ್ದ ವಯರನ್ನು ಬಿಡಿಸಿದೆ. ಹಿತ್ತಿಲ ಬಲ್ಬಿಗೆ ಅಡುಗೆಮನೆ ಬಾಗಿಲ ಪಕ್ಕ ಬೇರೆಯೇ ಸ್ವಿಚ್ಚು ಕೂರಿಸಿದೆ. ನೀವಿದ್ದಿದ್ದರೆ ಏಣಿ ಹಿಡಿದುಕೊಂಡು "ಮೇಲಿಂದ ಕಂಬಂ ಕಾಣ್ತದಾ?" ಎಂದು ಕೇಳುತ್ತಿದ್ದಿರಿ. ಏಣಿ ಗೋಡೆಗೆ ಒರಗಿಕೊಂಡಿತ್ತು, ಅಷ್ಟೇ.

ಇವತ್ತು ಜಾವದಲ್ಲೇ ಹೋಗಿ ಹಿತ್ತಿಲಲ್ಲಿ ನಿಂತೆ. ಅಕ್ಕ ಹಾಲಿನ ಪಾತ್ರೆ ಹಿಡಿದು ಹೊಸ ಸ್ವಿಚ್ಚು ಒತ್ತಿದಳು. ಕೊಟ್ಟಿಗೆವರೆಗೆ ದಾರಿ ಕಂಡಿತು. ಅವಳು ಹಿತ್ತಿಲಿಗೆ ಇಳಿದು ನಿಮ್ಮ ಕಿಟಕಿ ನೋಡಿದಳು.

"ಒಳ್ಗೆ ಹತ್ಲಿಲ್ವಾ?"

"ಇಲ್ಲಕ್ಕಾ. ಅವತ್ತು ನಾನು ತಪ್ಪಾಗಿ ಸೇರ್ಸಿದ್ದೆ. ಬೇರೆ ಮಾಡ್ಬಿಟ್ಟೆ."

"ಗೊತ್ತು ಕಣ್ಲಾ. ಅವ್ರೂ ಹೇಳಿದ್ರು." ಪಾತ್ರೆಯನ್ನು ಇನ್ನೊಂದು ಕೈಗೆ ಬದಲಿಸಿದಳು. "ಇನ್ಮೇಲಾದ್ರೂ ಮಲಗ್ಲಿ, ಬಿಡು." ಕೊಟ್ಟಿಗೆಗೆ ಹೋದಳು. ಎಡವಲಿಲ್ಲ.

ಹಾಲು ಕರೆದು ಬಂದವಳು ಆ ಸೋಲಾರ್ ದೀಪಕ್ಕೆ ಎಷ್ಟು ಸುರಿದೆ ಎಂದು ಕೇಳಿದಳು. ಮುನ್ನೂರು ಅಂದೆ. ಮೋಸ ಹೋದಾಗಲೆಲ್ಲ ನಿಜವಾದ ರೇಟನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೆನಲ್ಲ? ನೀವು ಹೊಟ್ಟೆ ಹಿಡಿದು ನಗುತ್ತಿದ್ದಿರಿ, ಯಾರಿಗೂ ಹೇಳುತ್ತಿರಲಿಲ್ಲ. ಈಗ ಯಾರ ಹತ್ತಿರ...

ಎರಡು ಸಾವಿರದ ಇನ್ನೂರು, ಬಾವಾ. ಅದೂ ಚೌಕಾಸಿ ಮಾಡಿದ ಮೇಲೆ.